ಒಂದಕ್ಷರದ ದಂಡ

2025ರ ಆಗಸ್ಟ್ 23. ಗಣೇಶ ಚೌತಿಗೆ ನಾಲ್ಕೇ ದಿನ. ಗದಗಿನ ನಮ್ಮ ಪುಟ್ಟ ಪ್ರೆಸ್ಸಿನಲ್ಲಿ ಗಣೇಶ ಮಂಡಳಿಗಳ ಪಟ್ಟಿ (ವಂತಿಗೆ) ಪುಸ್ತಕ, ಕರಪತ್ರಗಳ ಕೆಲಸ ಮೈಮೇಲೆ ಬಿದ್ದಿತ್ತು. ಆ ಗದ್ದಲದಲ್ಲೇ ಮೊಬೈಲಿಗೆ ಮೆಸೇಜ್ ಬಂತು: ಹುಬ್ಬಳ್ಳಿಯಲ್ಲಿ ಅತಿವೇಗ, ತಾರೀಖು ಜುಲೈ 29, ದಂಡ 1000 ರೂಪಾಯಿ.

ಜುಲೈ 29 ಅಂದರೆ ನಾಗರ ಪಂಚಮಿ. ಪ್ರೆಸ್ಸಿಗೆ ರಜೆ, ತಂಗಿ ತವರಿಗೆ ಬಂದಿದ್ದಳು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದು ನಾನೇ. ನಮ್ಮ ಆಮ್ನಿ ಇಡೀ ದಿನ ಮನೆ ಮುಂದೆ ನಿಂತಿತ್ತು. ಅದರ ನೆರಳಿನಲ್ಲಿ ಮಕ್ಕಳು ಉಂಡಿ ತಿನ್ನುತ್ತ ಕೂತಿದ್ದರು.

"ರೀ, ಇವತ್ತಿನಿಂದ ಸರ್ಕಾರದವ್ರು ಅರ್ಧ ಬಿಟ್ಟಾರಂತ. ಐದನೂರು ಒಗದು ಕೈತೊಳಕೋರಿ. ಎರಡ ಸಲ ಹುಬ್ಬಳ್ಳಿಗೆ ಅಡ್ಡಾಡಿದ್ರ ಪೆಟ್ರೋಲಿಗೇ ಅದಕ್ಕಿಂತ ಹೆಚ್ಚ ಆಗತೈತಿ" ಅಂದಳು ಹೆಂಡತಿ. ಲೆಕ್ಕ ಅವಳದೇ ಸರಿ. ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಅವತ್ತೇ ಶುರುವಾಗಿತ್ತು, ಸೆಪ್ಟೆಂಬರ್ 12ರ ತನಕ. ಆದರೂ ಮಾಡದ ತಪ್ಪಿಗೆ ಅರ್ಧ ಬೆಲೆ ಅಂದರೇನು?

ರಾತ್ರಿ ಇ-ಚಲನ್ ಪೋರ್ಟಲ್ ತೆರೆದೆ. ಗಾಡಿ ನಂಬರು, ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಫೋಟೊ ಕಾಣುತ್ತದೆ. ಕಂಡಿತು: ಬೆಳ್ಳಿ ಬಣ್ಣದ ಯಾವುದೋ ಕಾರು! ನನ್ನದು ಬಿಳಿ ಆಮ್ನಿ. ಫೋಟೊ ಹಿಗ್ಗಿಸಿ ನಂಬರ್ ಪ್ಲೇಟು ಓದಿದೆ. ಕೆಎ 26, ಸರಿ. ನಾಲ್ಕಂಕಿಯೂ ನನ್ನವೇ. ನಡುವಿನ ಅಕ್ಷರ ಮಾತ್ರ ನನ್ನದು 'ಎಂ', ಅದು 'ಎನ್'. ಸ್ಪೀಡ್ ಗನ್ ಹಿಡಿದ ಚಿತ್ರ ನೋಡಿ ಯಾರೋ ನಂಬರ್ ಟೈಪ್ ಮಾಡುವಾಗ ಒಂದು ಕಾಲು ಹೆಚ್ಚಿಗೆ ಕಂಡಿದ್ದಾರೆ. ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ 'ವ' ಇರುವಲ್ಲಿ 'ಪ' ಕೂತರೆ ಪ್ರೂಫ್ ನೋಡುವವನಿಗೆ ಬೈಗುಳ ಗ್ಯಾರಂಟಿ. ಇಲ್ಲಿ ಪ್ರೂಫ್ ನೋಡುವವರೇ ಇರಲಿಲ್ಲ.

ಪೋರ್ಟಲ್‌ನಲ್ಲೇ ದೂರು ಹಾಕಿದೆ. ಐದು ದಿನ ಕಾದರೂ ಉತ್ತರವಿಲ್ಲ. ಅಷ್ಟರಲ್ಲಿ ಲೆಟರ್‌ಹೆಡ್ ಒಯ್ಯಲು ಬಂದ ವಕೀಲರೊಬ್ಬರ ಮುಂದೆ ವಿಷಯ ತೆಗೆದೆ. ಅವರು ಕಟಿಂಗ್ ಮಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತೇ ಪಾಠ ಶುರುಮಾಡಿದರು.

"ದಂಡ ಕಟ್ಟಿದ್ರಿ ಅಂದ್ರ ರಾಜಿ ಆದಂಗ, ಕೇಸ್ ಅಲ್ಲಿಗೇ ಮುಗೀತು. ಆಮ್ಯಾಲ ಮೇಲ್ಮನವಿ ಅಂದ್ರ ಯಾತರ ಮ್ಯಾಲ? ಕಟ್ಟೂದಿಲ್ಲ ಅಂದ್ರ ಮ್ಯಾಜಿಸ್ಟ್ರೇಟರ ಮುಂದ ಹೋಗತೈತಿ. ಅಲ್ಲಿ ತಪ್ಪು ಒಪ್ಪಿಕೊಂಡ್ರ 'ಶಿಕ್ಷೆ ಹೆಚ್ಚಾತು, ಕಾನೂನಿಗೆ ಹೊಂದೂದಿಲ್ಲ' ಅನ್ನಾಕ ಮಾತ್ರ ಮೇಲ್ಮನವಿ. ಒಪ್ಪದ ವಾದಾ ಮಾಡಿ ಸೋತ್ರ 30 ದಿನದಾಗ ಸೆಷನ್ಸ್ ಕೋರ್ಟಿಗೆ ಹೋಗಬಹುದು."

ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಮಾತೂ ಬಂತು. ಬರೀ ಒಬ್ಬ ಸಾಕ್ಷಿ ನಿಂತು 'ಗಾಡಿ ಜೋರ ಹೊಂಟಿತ್ತು' ಅಂದರೆ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜಿಗೆ ಯಂತ್ರದ ಅಳತೆ ಬೆನ್ನಿಗಿರಬೇಕು. ಯಂತ್ರಕ್ಕೂ ಅಂಕುಶವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಸ್ಪೀಡ್ ಗನ್ನಿಗೆ ವರ್ಷವರ್ಷ ನವೀಕರಿಸುವ ಪ್ರಮಾಣಪತ್ರ ಬೇಕು, ಕ್ಯಾಮೆರಾ ಕಣ್ಣಿಟ್ಟಿದೆ ಅಂತ ಮೊದಲೇ ಬೋರ್ಡು ಹಾಕಿರಬೇಕು, ನೋಟಿಸು 15 ದಿನದೊಳಗೆ ಕಳಿಸಬೇಕು. ನಾನು ಬೆರಳು ಮಡಚಿದೆ. ಜುಲೈ 29ರದ್ದು ನನಗೆ ಬಂದದ್ದು 25ನೇ ದಿನಕ್ಕೆ.

"ಅದನ್ನ ಕೋರ್ಟಿಗೆ ಇಟ್ಕೋರಿ. ಠಾಣೆಗೆ ಹೋಗಿ ಫೋಟೊ ತೋರಸ್ರಿ, ಸಾಕು" ಅಂದರು.

ಸೋಮವಾರ ಹುಬ್ಬಳ್ಳಿಗೆ ಹೋದೆ. ಅಣ್ಣಿಗೇರಿ ದಾಟುವತನಕ ಮಳೆ. ಠಾಣೆ ಮುಂದೆ ಜಾತ್ರೆಯ ಹಾಗೆ ಜನ, ಎಲ್ಲರೂ ಅರ್ಧ ಕಟ್ಟಲು ಬಂದವರು. ನಾನೊಬ್ಬನೇ ಕಟ್ಟುವುದಿಲ್ಲ ಅನ್ನಲು ಬಂದವನು! "ಸಾಹೇಬ್ರಿಲ್ಲ, ನಾಳೆ ಬರ್ರಿ" ಅಂದರು. ನಾಳೆ ಅಂದರೆ ಮತ್ತೆ ಐವತ್ತೆಂಟು ಕಿಲೋಮೀಟರು. ಹೆಂಡತಿಯ ಲೆಕ್ಕ ನೆನಪಾಯಿತು.

ಗುರುವಾರ ಎಎಸ್ಐ ಸಿಕ್ಕರು. ಆರ್‌ಸಿ ನಕಲು, ಆಮ್ನಿಯ ಫೋಟೊ, ಚಲನ್ನಿನ ಫೋಟೊ ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಛಾಪಿಸಿ, 'ಎನ್' ಸುತ್ತ ಕೆಂಪು ಗುರುತು ಹಾಕಿ ಒಯ್ದಿದ್ದೆ. ಪ್ರೆಸ್ಸಿನವನ ಚಟ. ಅವರು ಕನ್ನಡಕ ಏರಿಸಿ ನೋಡಿದರು.

"ಹೌದಲ್ರೀ ಯಜಮಾನ್ರ, ಎನ್ ಐತಿ." ಅರ್ಜಿಗೆ ಠಸ್ಸೆ ಬಿತ್ತು, ಕಂಪ್ಯೂಟರಿನವರಿಗೆ ಹೇಳಿದರು, ಹತ್ತು ನಿಮಿಷದಲ್ಲಿ ಮುಗಿಯಿತು. ನಾನು ಎದ್ದೆ.

"ಕುಂದರ್ರಿ. ನಿಮ್ಮ ನಂಬರಿಗೆ ಇನ್ನೊಂದ ಐತಿ."

ಮಾನಿಟರ್ ನನ್ನ ಕಡೆ ತಿರುಗಿಸಿದರು. ಆಗಸ್ಟ್ 12, ಅದೇ ರಸ್ತೆ, ಬೋರ್ಡಿನ ಮಿತಿ 50, ನನ್ನ ವೇಗ 68. ಬಿಳಿ ಆಮ್ನಿ, ಹಿಂದಿನ ಗಾಜಿಗೆ ಅಂಟಿಸಿದ ನಮ್ಮ ಪ್ರೆಸ್ಸಿನ ಹೆಸರು. ಅಂಗಡಿ ಮುಚ್ಚುವ ಮೊದಲು ಕಾಗದದ ರಿಮ್ಮು ತರಲು ಓಡಿದ ದಿನ. ಇದರ ನೋಟಿಸು ಒಂಬತ್ತನೇ ದಿನಕ್ಕೇ ಬಂದು, ಪಟ್ಟಿ ಪುಸ್ತಕದವರ ಮೆಸೇಜುಗಳ ನಡುವೆ ಹೂತುಹೋಗಿತ್ತು. ಭಾವಮೈದುನ ಓಡಿಸಿದ್ದ ಅನ್ನೋಣವೆಂದು ಒಂದು ಗಳಿಗೆ ಮನಸ್ಸಾದದ್ದು ನಿಜ. ಆದರೆ ಪೊಲೀಸರು ಕೇಳಿದರೆ ಓಡಿಸಿದವರ ಹೆಸರು ಹೇಳುವುದು ಮಾಲೀಕನ ಕರ್ತವ್ಯ ಅಂತ ವಕೀಲರು 133ನೇ ಕಲಮನ್ನೂ ಓದಿಸಿದ್ದರಲ್ಲ.

ಸಾಲಿನ ಕೊನೆಗೆ ನಿಂತೆ. ಐದನೂರು ಕಟ್ಟಿದೆ.

ಮುಂದಿನ ವಾರ ವಕೀಲರು ಬಾಕಿ ಕೊಡಲು ಬಂದಾಗ ಎಲ್ಲ ಹೇಳಿದೆ. ನಕ್ಕು ಸುಸ್ತಾದ ಮೇಲೆ ಕೇಳಿದರು:

"ಆ ಬೆಳ್ಳಿ ಕಾರಿನವಂಗ ಈಗ ನೋಟಿಸು ಹೋಗಿರಬೇಕಲ್ಲ?"

"ಹೋಗಿರತೈತ್ರಿ."

"15 ದಿನ ಎಂದೋ ದಾಟ್ಯಾವು. ಗದಗಿನವನ ಇದ್ರ ನನ್ನ ಕಡೆ ಕಳಸ್ರಿ."