ಆಗಸ್ಟ್ ಬಂತೆಂದರೆ ಲಾರಿ ಲೆಕ್ಕ

ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಒಂದು ಸಣ್ಣ ಟ್ಯಾಕ್ಸ್ ಆಫೀಸಿನಲ್ಲಿ ನನ್ನ ಕೆಲಸ. ಏಪ್ರಿಲ್‌ನ ಆದಾಯ ತೆರಿಗೆ ಗಡುವು ಕಳೆದರೆ ಬೇರೆಯವರಿಗೆ ಬಿಡುವು, ನಮಗೆ ಆಗಸ್ಟ್‌ನಲ್ಲಿ ಇನ್ನೊಂದು ಜಾತ್ರೆ. ಈ ಕಡೆ ಲಾರಿ ಇಟ್ಟಿರುವ ಪಂಜಾಬಿಗಳು ಬಹಳ ಜನ. ಭಾರಿ ಲಾರಿಗಳು ಹೆದ್ದಾರಿ ಬಳಸುವುದಕ್ಕೆ ಅಮೆರಿಕದ ಕೇಂದ್ರ ಸರ್ಕಾರಕ್ಕೆ 2290 ನಂಬರಿನ ಫಾರ್ಮ್ ತುಂಬಿ ತೆರಿಗೆ ಕಟ್ಟಬೇಕು. ನಮ್ಮೂರ ಲಾರಿಯವರ ಕ್ವಾರ್ಟರ್ ಟ್ಯಾಕ್ಸ್ ಥರ ಅಲ್ಲ, ಇದು ವರ್ಷಕ್ಕೊಮ್ಮೆ. ವರ್ಷ ಶುರುವಾಗುವುದು ಜುಲೈ 1ಕ್ಕೆ. ಜುಲೈನಲ್ಲಿ ರಸ್ತೆಗಿಳಿದ ಗಾಡಿಗೆ ಆಗಸ್ಟ್ 31 ಕೊನೆ ದಿನ.

ಆ ಕೊನೆ ವಾರದಲ್ಲೇ ಲಾರಿ ಮಾಲೀಕರಾದ ಪಾಜಿ (ಪಂಜಾಬಿಯಲ್ಲಿ ಅಣ್ಣ) ಬಂದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ. ಕುಳಿತವರೇ ಒಂದು ವೇಬ್ರಿಡ್ಜ್ ಚೀಟಿ ಮುಂದಿಟ್ಟರು.

"ಬೇಟಾ, ಟ್ರೈಲರ್ ಸೇರಿಸಿದರೂ ಖಾಲಿ ಗಾಡಿ ತೂಗೋದು 34,000 ಪೌಂಡ್. ಈ ಟ್ಯಾಕ್ಸ್ ಶುರುವಾಗೋದೇ 55,000ಕ್ಕೆ ಅಲ್ವಾ? ಮತ್ತೆ ನಾನ್ಯಾಕೆ ಕಟ್ಟಬೇಕು?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಈ ಲೆಕ್ಕಕ್ಕೆ ಆ ಚೀಟಿಯೊಂದೇ ಸಾಲದು. ಖಾಲಿ ಲಾರಿ, ಅದಕ್ಕೆ ಸಾಮಾನ್ಯವಾಗಿ ಕಟ್ಟುವ ಖಾಲಿ ಟ್ರೈಲರ್, ಅದರಲ್ಲಿ ಸಾಮಾನ್ಯವಾಗಿ ಹೇರುವ ಅತಿ ಹೆಚ್ಚಿನ ಲೋಡು, ಈ ಮೂರೂ ಸೇರಿದ್ದೇ ತೆರಿಗೆಯ ತೂಕ. ಜೊತೆಗೆ ರಾಜ್ಯದ ನೋಂದಣಿಯಲ್ಲಿ ಬರೆಸಿದ ತೂಕಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಪಾಜಿಯ ಕ್ಯಾಬ್ ಕಾರ್ಡಿನಲ್ಲಿ, ಅಂದರೆ ಲಾರಿಯ ನೋಂದಣಿ ಕಾರ್ಡಿನಲ್ಲಿ, 80,000 ಪೌಂಡ್ ಅಂತಲೇ ಇತ್ತು. ಅಂದರೆ ಸುಮಾರು 36 ಟನ್.

ಲೆಕ್ಕವೇನೋ ಸುಲಭ. 55,000 ಪೌಂಡಿಗೆ 100 ಡಾಲರ್. ಅದರ ಮೇಲೆ ಪ್ರತಿ 1,000 ಪೌಂಡಿಗೆ, ಅಥವಾ ಅದರ ತುಣುಕಿಗೂ, 22 ಡಾಲರ್. 75,000 ಪೌಂಡಿಗೆ 540 ಆಗುತ್ತದೆ. ಅದನ್ನು ದಾಟಿದರೆ ಎಷ್ಟೇ ಭಾರವಿದ್ದರೂ 550, ಅಲ್ಲಿಗೆ ಮುಗಿಯಿತು. 1984ರಿಂದ ಈ 550 ಅಲುಗಾಡಿಲ್ಲ. ಡೀಸೆಲ್, ಟೈರು, ಇನ್ಶೂರೆನ್ಸ್ ಎಲ್ಲ ಎಲ್ಲಿಗೆ ಹೋಗಿವೆ ನೋಡಿ!

ಪಾಜಿಯ ಎರಡು ದೊಡ್ಡ ಗಾಡಿಗೆ 1,100. ಮಣ್ಣು ಹೊಡೆಯುವ ಡಂಪ್ ಟ್ರಕ್ 58,000 ಪೌಂಡಿನದು, ಅದಕ್ಕೆ 166. ಒಟ್ಟು 1,266. 26,000 ಪೌಂಡಿನ ಸಣ್ಣ ಲಾರಿ ಈ ಫಾರ್ಮಿಗೆ ಬರುವುದೇ ಇಲ್ಲ. ಆಗಸ್ಟ್‌ನಲ್ಲಿ ರಸ್ತೆಗಿಳಿಸಿದ ಹೊಸ ಗಾಡಿಗೆ ಇನ್ನೊಂದು 2290 ಬೇರೆಯಾಗಿ ತುಂಬಬೇಕು. ಅದಕ್ಕೆ ಹನ್ನೊಂದು ತಿಂಗಳ ಪಾಲು 504 ಡಾಲರ್ 17 ಸೆಂಟ್, ಸೆಪ್ಟೆಂಬರ್ ಕೊನೆಯವರೆಗೆ ಟೈಮಿದೆ. ಅದರ ವಿನ್ ನಂಬರನ್ನು, ಅಂದರೆ ಗಾಡಿಯ ಗುರುತಿನ ಸಂಖ್ಯೆಯನ್ನು, ಪಾಜಿ ಕೈಯಲ್ಲಿ ಬರೆದುಕೊಂಡು ಬಂದಿದ್ದರು. ನಡುವೆ ಒಂದು 'ಓ' ಅಕ್ಷರ. ವಿನ್ ನಂಬರಿನಲ್ಲಿ 'ಓ' ಇರುವುದೇ ಇಲ್ಲ, ಅದು ಸೊನ್ನೆ. ನಂಬರ್ ತಪ್ಪಾದರೆ ತೆರಿಗೆ ಕಟ್ಟಿದ್ದಕ್ಕೆ ಪುರಾವೆಯಾದ, ಮೊಹರು ಬಿದ್ದ ಷೆಡ್ಯೂಲ್ 1 ಇದ್ದೂ ಇಲ್ಲದ ಹಾಗೆ, ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ. ಅವರ ಮಗನಿಗೆ ಫೋನ್ ಮಾಡಿಸಿ ಗಾಡಿಯ ಕಾಗದದ ಫೋಟೊ ತರಿಸಿಕೊಂಡೆ.

ಉಳಿದದ್ದು ಟೊಮೇಟೊ ಗಾಡಿ. ಅದೂ 80,000 ಪೌಂಡಿನದೇ. ಆದರೆ ಓಡುವುದು ಕೊಯ್ಲಿನ ಕಾಲದಲ್ಲಿ ಮಾತ್ರ, ಹೊಲದಿಂದ ಟೊಮೇಟೊ ಡಬ್ಬಿಗೆ ತುಂಬುವ ಕಾರ್ಖಾನೆಗೆ. ಅದು ಕೃಷಿ ವಾಹನ ಅಂತ ನೋಂದಣಿ ಆಗಿಲ್ಲ, ಹಾಗಾಗಿ ವರ್ಷಕ್ಕೆ ಸಾರ್ವಜನಿಕ ರಸ್ತೆಯಲ್ಲಿ 5,000 ಮೈಲಿ ದಾಟುವುದಿಲ್ಲ ಅಂತಿದ್ದರೆ ತೆರಿಗೆ ಇಲ್ಲ. ಫಾರ್ಮಿನಲ್ಲಿ ಮಾತ್ರ ತೋರಿಸಲೇಬೇಕು. ದಾಟಿದರೆ ಪೂರ್ತಿ 550.

ಈ ತೆರಿಗೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. ಲಾಸ್ ಏಂಜಲೀಸ್‌ನಿಂದ ಷಿಕಾಗೊಗೆ ವರ್ಷವಿಡೀ ಓಡಾಡುವವನಿಗೂ 550, ಬರೀ 6,000 ಮೈಲಿ ಓಡಿಸುವವನಿಗೂ 550. ರಸ್ತೆ ಸವೆಸಿದ್ದು ಯಾರು ಜಾಸ್ತಿ? ಒರೆಗಾನ್ ರಾಜ್ಯದಲ್ಲಿ 26,000 ಪೌಂಡ್ ಮೀರಿದ ಲಾರಿಗೆ ತೂಕವನ್ನೂ ನೋಡುತ್ತಾರೆ, ಓಡಿದ ಮೈಲಿಯನ್ನೂ ಲೆಕ್ಕ ಹಾಕುತ್ತಾರೆ. ಆ ಲಾರಿಗಳಿಗೆ ಅಲ್ಲಿ ರಾಜ್ಯದ ಡೀಸೆಲ್ ತೆರಿಗೆ ಇಲ್ಲ. ಲೆಕ್ಕ ಬರೆದಿಡುವುದು ತಲೆನೋವು ನಿಜ, ಆದರೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಪಾಜಿಗೆ ಅದರ ಹೆಸರೆತ್ತಿದರೂ ಆಗದು. ಪೋರ್ಟ್‌ಲ್ಯಾಂಡ್ ಟ್ರಿಪ್ ಇದ್ದಾಗಲೆಲ್ಲ ಅದನ್ನು ಬೈಯುತ್ತಾರೆ.

"ಟೊಮೇಟೊ ಗಾಡಿಯ ಓಡೋಮೀಟರ್ ಫೋಟೊ ತೆಗೆದಿಟ್ಟುಕೊಳ್ಳಿ" ಅಂದೆ.

ಪಾಜಿ ಒಂದು ಗಳಿಗೆ ಗಡ್ಡ ನೀವಿಕೊಂಡರು. "ಈ ಸಲ ಬೆಳೆ ಚೆನ್ನಾಗಿದೆ, 5,000 ದಾಟಿದರೂ ದಾಟಬಹುದು. 4,900 ಆಗ್ತಿದ್ದ ಹಾಗೆ ಅದನ್ನ ಶೆಡ್ಡಿಗೆ ಹಾಕ್ತೀನಿ. ಉಳಿದ ಟೊಮೇಟೊ ಆ 550 ಕಟ್ಟಿರೋ ಗಾಡೀಲಿ ಹೋಗಲಿ. ಅದಕ್ಕೇನೂ ಅಡ್ಡಿ ಇಲ್ಲ ತಾನೇ?"

ಅಡ್ಡಿ ಏನೂ ಇರಲಿಲ್ಲ.