ಉಪ್ಪಿಟ್ಟಿನ ಶನಿವಾರ

2015ರ ಜುಲೈ 4. ಶಾಲೆಯ ಹೊರಗೆ ಉಳಿದ ಮಕ್ಕಳನ್ನೆಲ್ಲ ಒಂದೇ ದಿನದಲ್ಲಿ ಎಣಿಸಿ ಮುಗಿಸಲು ಮಹಾರಾಷ್ಟ್ರ ಸರ್ಕಾರ ಹೊರಟಿತ್ತು. ಥೇಟು ಚುನಾವಣೆಯ ಏರ್ಪಾಡು. ಶಿಕ್ಷಕರು ಮನೆಮನೆ ಸುತ್ತಬೇಕು, ಲೆಕ್ಕಕ್ಕೆ ಸಿಕ್ಕ ಮಗುವಿನ ಬೆರಳಿಗೆ ಶಾಯಿ ಹಚ್ಚಬೇಕು.

ನಮ್ಮ ಕೆಳಮಹಡಿಯ ಶಿಕ್ಷಕಿ ಹಿಂದಿನ ರಾತ್ರಿಯೇ ಬಂದು ಬಾಗಿಲು ತಟ್ಟಿದ್ದರು. ಮರಾಠಿಯಲ್ಲಿ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. "ವಹಿನಿ, ನನ್ನ ಪಾಲಿಗೆ ಬಾಣೇರ್‌ನ ಆಚೆಯ ಪತ್ರಾ ಶೆಡ್ಡುಗಳು ಬಂದಿವೆ. ಅಲ್ಲಿರುವವರೆಲ್ಲ ನಿಮ್ಮ ಕಾನಡಿ ಮಂದಿ. ಜೊತೆಗೆ ಬರುತ್ತೀರಾ?" ಪುಣೆಗೆ ಬಂದು ಇಪ್ಪತ್ತು ವರ್ಷವಾದ ಮೇಲೆ ನನ್ನ ಕನ್ನಡಕ್ಕೆ ಒಂದು ಸರ್ಕಾರಿ ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಿ ಒಪ್ಪಿಕೊಂಡೆ.

ಬೆಳಿಗ್ಗೆಯಿಂದಲೇ ಜಿಟಿಜಿಟಿ ಮಳೆ. ಎದ್ದು ನಿಲ್ಲುತ್ತಿದ್ದ ಬಹುಮಹಡಿ ಕಟ್ಟಡದ ಬುಡದಲ್ಲಿ ತಗಡಿನ ಖೋಲಿಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಬಾಗಿಲಿಗೆ ಸಿಮೆಂಟು ಚೀಲಗಳನ್ನು ಬಿಚ್ಚಿ ಹೊಲಿದ ಪರದೆ. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರು. ಕೂಲಿಯಾಳುಗಳನ್ನು ಕರೆತರುವ ಮುಕಾದಮನಿಂದ ಉಚಲ, ಅಂದರೆ ಮುಂಗಡ ಹಣ, ತೆಗೆದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು. ನಮ್ಮ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಅರ್ಧ ಊರೇ ಎದ್ದು ಹೊರಡುತ್ತದೆ. ದೊಡ್ಡವರೆಲ್ಲ ಸ್ಲ್ಯಾಬಿನ ಮೇಲೆ, ಕೆಳಗೆ ಮಕ್ಕಳದೇ ರಾಜ್ಯ. ಶಾಯಿಯ ಬಾಟಲಿ ಕಂಡದ್ದೇ ತಡ, ಮೂರು ವರ್ಷದ ಪೋರನೊಬ್ಬ ಹತ್ತೂ ಬೆರಳು ಚಾಚಿದ. ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ ಎಂದು ಅವನಿಗೆ ಹೇಳುವುದು ಹೇಗೆ? ಹೋ ಎಂದು ಅತ್ತ.

ಐದನೇ ಖೋಲಿಯಲ್ಲಿ ಆ ಹುಡುಗಿ ಇದ್ದಳು. ಎಂಟು ವರ್ಷವಿರಬಹುದು. ಟೊಂಕದ ಮೇಲೆ ತಮ್ಮ, ಕೈಯಲ್ಲಿ ಅವನಿಗೆಂದು ಹಾಲಲ್ಲಿ ಅದ್ದಿದ ರೊಟ್ಟಿಯ ಚೂರು. ಚಹಾ ಹೊತ್ತಿಗೆ ತಾಯಿ ಕೆಳಗಿಳಿದು ಬಂದಳು. ಕನ್ನಡ ಕೇಳಿ ಮುಖ ಅರಳಿತು.

"ಮೂರನೇ ಇಯತ್ತೆ ಅಕ್ಕಾ. ಹೆಸರು ಊರ ಶಾಲೆಯಲ್ಲಿ ಇದೆಯಲ್ಲ!"

ಬಾಯಿಯ ಪೆನ್ನು ನಿಂತಿತು. ಶಾಲೆಗೇ ಸೇರದ ಮಗುವಾಗಿದ್ದರೆ ಬರೆದು ಮುಂದೆ ಹೋಗಬಹುದಿತ್ತು. ಹೆಸರಿದ್ದೂ ಇಲ್ಲದವಳನ್ನು ಯಾವ ಕಾಲಮಿಗೆ ಸೇರಿಸುವುದು? ನಿಯಮ ಸರಳವಾಗಿತ್ತು: ದಾಖಲಾಗಿದ್ದೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಸತತ ಗೈರುಹಾಜರಾದ ಮಗು ಶಾಲೆಯ ಹೊರಗಿನದು. ಹಾಗಾದರೆ ಕೊನೆಯ ಸಲ ಶಾಲೆಗೆ ಹೋದದ್ದು ಯಾವಾಗ?

ತಗಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಐದಾರು ಮೊಬೈಲ್ ನಂಬರುಗಳಿದ್ದವು: ಮುಕಾದಮನದು, ಊರ ಕಿರಾಣಿ ಅಂಗಡಿಯವನದು, ಸೋದರಮಾವನದು. ಬರೆದವಳು ಹುಡುಗಿಯೇ, ಆ ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳು. ಮುಖ್ಯೋಪಾಧ್ಯಾಯರ ನಂಬರನ್ನು ಅವಳೇ ಓದಿ ಹೇಳಿದಳು, ನಾನು ಒತ್ತಿದೆ.

"ಹೆಸರು ಇದೆ ಮೇಡಂ. ಕಾರಹುಣ್ಣಿಮೆಗೆ ಬಂದಿದ್ದರು, ಮರುದಿನದಿಂದ ಎರಡು ದಿನ ತರಗತಿಯಲ್ಲಿ ಕುಳಿತಿದ್ದಳು," ಎಂದರು. ತುಸು ಸುಮ್ಮನಿದ್ದು, "ಹೆಸರು ಹೊಡೆಯಲು ಮನಸ್ಸು ಬರುವುದಿಲ್ಲ. ಈ ಮಕ್ಕಳ ಹೆಸರು ಹೊಡೆಯುತ್ತಾ ಹೋದರೆ ಶಾಲೆಯೇ ಉಳಿಯುವುದಿಲ್ಲ" ಎಂದು ಸೇರಿಸಿದರು.

ಕಾರಹುಣ್ಣಿಮೆ ಜೂನ್ 2ಕ್ಕೆ. ಎರಡು ದಿನ ಎಂದರೆ ಜೂನ್ 4. ಬಾಯಿ ಬೆರಳ ಗೆಣ್ಣು ಎಣಿಸಿದರು. ಇವತ್ತಿಗೆ ಸರಿಯಾಗಿ ಒಂದು ತಿಂಗಳು. ಅಷ್ಟರಲ್ಲಿ ಹುಡುಗಿ ಬಾಯಿಬಿಟ್ಟಳು: "ಎರಡು ದಿನ ಅಲ್ಲ, ಶನಿವಾರವೂ ಹೋಗಿದ್ದೆ. ಉಪ್ಪಿಟ್ಟು ಕೊಟ್ಟಿದ್ದರು."

ಶನಿವಾರ ಎಂದರೆ ಜೂನ್ 6. ಇಪ್ಪತ್ತೆಂಟು ದಿನ. ಆ ಒಂದು ತಟ್ಟೆ ಉಪ್ಪಿಟ್ಟಿನ ಲೆಕ್ಕದಲ್ಲಿ ಹುಡುಗಿ ಶಾಲೆಯ ಒಳಗೇ ಇದ್ದಳು!

"ಏನಂತೆ?" ಬಾಯಿ ಕೇಳಿದರು.

"ಊರ ಶಾಲೆಯಲ್ಲಿ ಉಪ್ಪಿಟ್ಟು ಚೆನ್ನಾಗಿರುತ್ತದಂತೆ," ಎಂದೆ.

ದುಭಾಷಿಯಾಗಿ ನನ್ನ ಪ್ರಾಮಾಣಿಕತೆ ಅಲ್ಲಿಗೆ ಮುಗಿಯಿತು. ಬಾಯಿ ನನ್ನ ಮುಖವನ್ನೇ ನೋಡಿದರು. ಉಪ್ಪಿಟ್ಟು ಎಂಬ ಮಾತು ಅವರಿಗೇನೂ ಹೊಸದಲ್ಲ, ಶನಿವಾರವಂತೂ ಎರಡೂ ಭಾಷೆಯಲ್ಲಿ ಶನಿವಾರವೇ. ಆದರೂ ಏನೂ ಕೇಳದೆ ಒಂದು ತಿಂಗಳು ಮೀರಿದೆ ಎಂದು ಬರೆದುಕೊಂಡು ಹುಡುಗಿಯ ಬೆರಳು ಹಿಡಿದರು. ಶಾಯಿ ಉಗುರಿನ ಸಂದಿಗಿಳಿಯಿತು. "ಓಟು ಹಾಕಿದ ಹಾಗಾಯಿತು ನೋಡು," ಎಂದು ತಾಯಿ ನಕ್ಕಳು.

ಅದೇ ಜುಲೈನಲ್ಲಿ ಯುನೆಸ್ಕೊದ ಲೆಕ್ಕವೂ ಪತ್ರಿಕೆಗಳಲ್ಲಿ ಬಂತು: ಪ್ರಾಥಮಿಕ ಶಾಲೆಯ ವಯಸ್ಸಿನ 5.9 ಕೋಟಿ ಮಕ್ಕಳು ಶಾಲೆಯ ಹೊರಗೆ, ಅವರಲ್ಲಿ ಅರ್ಧದಷ್ಟು ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕದಲ್ಲಿ. 2015ರ ಹೊತ್ತಿಗೆ ಯಾರೂ ಹೊರಗಿರಬಾರದು ಎಂದು 2000ದಲ್ಲಿ ದೇಶಗಳೆಲ್ಲ ಸೇರಿ ಗುರಿ ಇಟ್ಟುಕೊಂಡಿದ್ದವು. 2024ರ ವರದಿಯಲ್ಲಿ ಆ ಸಂಖ್ಯೆ 7.1 ಕೋಟಿ. ಈ ನಡುವೆ ಎಣಿಸುವ ಕ್ರಮವೂ ಬದಲಾಯಿತು: ಶಾಲೆಯ ದಾಖಲಾತಿ ಪುಸ್ತಕದ ಜೊತೆಗೆ ಮನೆಮನೆ ಸಮೀಕ್ಷೆಗಳನ್ನೂ ಕೂಡಿಸಿ ಅಂದಾಜು ಮಾಡತೊಡಗಿದರು. ಇಂಥ ಸಂಖ್ಯೆ ಕಂಡಾಗಲೆಲ್ಲ ನನಗೆ ಆ ಶನಿವಾರದ ತಟ್ಟೆ ಕಣ್ಣ ಮುಂದೆ ಬರುತ್ತದೆ. ಮಹಾರಾಷ್ಟ್ರದ ಆ ಎಣಿಕೆಯ ಕಥೆಯೂ ಅಷ್ಟೇ. ಸಿಕ್ಕ ಮಕ್ಕಳು ತೀರಾ ಕಡಿಮೆ ಎಂದು ಸಂಘಟನೆಗಳು ತಕರಾರು ತೆಗೆದವು. ಸುಗ್ಗಿಗೊಂದು ಊರು ಬದಲಿಸುವ ಮಕ್ಕಳು ಒಂದೇ ದಿನದಲ್ಲಿ ಕೈಗೆ ಸಿಗುವುದುಂಟೆ?

ನನ್ನ ಸುಳ್ಳು ಸ್ವಲ್ಪ ಕೆಲಸಕ್ಕೆ ಬಂತು. ವರ್ಗಾವಣೆ ಪತ್ರ ಇಲ್ಲದಿದ್ದರೂ, ವಯಸ್ಸಿನ ದಾಖಲೆ ಇಲ್ಲದಿದ್ದರೂ ಸೇರಿಸಿಕೊಳ್ಳಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಬಾಯಿ ತಮ್ಮ ಶಾಲೆಯ ಮೂರನೇ ಇಯತ್ತೆಗೇ ಸೇರಿಸಿಕೊಂಡರು. ತಮ್ಮನನ್ನೂ ಎತ್ತಿಕೊಂಡೇ ಬರುತ್ತಿದ್ದಳಂತೆ. ಮರಾಠಿಯಲ್ಲಿಯೂ 'ಳ' ಇದೆ ಎಂದು ಗೊತ್ತಾದ ದಿನ ಪಾಟಿಯ ತುಂಬ ಅದನ್ನೇ ಬರೆದಿದ್ದಳು ಎಂದು ಬಾಯಿ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿ ನಕ್ಕರು.

ಗಣಪತಿ ಹಬ್ಬ ಕಳೆದ ಮೇಲೆ ಸ್ಲ್ಯಾಬಿನ ಕೆಲಸ ಮುಗಿಯಿತು. ನಾನು ಹೋಗಿ ನೋಡುವಷ್ಟರಲ್ಲಿ ಶೆಡ್ಡುಗಳ ಜಾಗದಲ್ಲಿ ಜೆಸಿಬಿ ಮಣ್ಣು ಸಮ ಮಾಡುತ್ತಿತ್ತು. ಮುಕಾದಮ ಅವರನ್ನು ಚಾಕಣದ ಕಡೆ ಕರೆದೊಯ್ದ ಎಂದು ಒಬ್ಬರು, ಊರಿಗೆ ಹೋದರು ಎಂದು ಮತ್ತೊಬ್ಬರು. ಗೋಡೆಯ ಮೇಲಿದ್ದ ಮುಖ್ಯೋಪಾಧ್ಯಾಯರ ನಂಬರು ನನ್ನ ಮೊಬೈಲಿನಲ್ಲಿ ಉಳಿದಿತ್ತು. ಒತ್ತಿದೆ.

"ಇಲ್ಲಿಗೆ ಬಂದಿಲ್ಲ ಮೇಡಂ. ಆದರೆ ಹೆಸರು ಇಟ್ಟಿದ್ದೇನೆ."

ಆ ಸಂಜೆ ಬಾಯಿಗೆ ಹೇಳಿದೆ. ಅವರು ಚಹಾ ಸೋಸುತ್ತಿದ್ದರು, ತಲೆ ಎತ್ತಲಿಲ್ಲ. "ನಾನೂ ಹೊಡೆದಿಲ್ಲ, ವಹಿನಿ," ಎಂದರು.