ಬಾಲ್ಕನಿಯಲ್ಲಿ ಬಾವುಟ, ಬೆರಳಲ್ಲಿ ಶಾಯಿ ಇಲ್ಲ

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಆಗಸ್ಟ್ 15ಕ್ಕೆ ನಿಲ್ಲೋಕೆ ಜಾಗ ಇರುವುದಿಲ್ಲ. ಬಿಳಿ ಜುಬ್ಬಾ, ಮಕ್ಕಳ ಕೆನ್ನೆ ಮೇಲೆ ಮೂರು ಬಣ್ಣ, ಆಮೇಲೆ ಬಿಸಿ ಉಪ್ಪಿಟ್ಟು, ಕೇಸರಿಬಾತು. ಆದರೆ 2024ರ ಏಪ್ರಿಲ್ 26, ಶುಕ್ರವಾರ, ಬೆಂಗಳೂರಲ್ಲಿ ಲೋಕಸಭೆಗೆ ಮತದಾನ ಇದ್ದ ದಿನ ಬೆಳಿಗ್ಗೆ ಪಾರ್ಕಿಂಗ್ ನೋಡಬೇಕಿತ್ತು. ಅರ್ಧಕ್ಕರ್ಧ ಖಾಲಿ. ಮೂರು ದಿನ ರಜೆ ಸಿಕ್ಕಿದೆ, ಚಿಕ್ಕಮಗಳೂರಿಗೋ ಕೊಡಗಿಗೋ ಹೊರಟಿದ್ದಾರೆ. ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ, ಅಷ್ಟೇ.

ಬೈಯೋಕೆ ನನಗೂ ಮುಖ ಇಲ್ಲ ಬಿಡಿ. 2018ರ ಮೇ 12, ವಿಧಾನಸಭೆ ಚುನಾವಣೆ, ಶನಿವಾರ. ನಾನು ಸಕಲೇಶಪುರದ ಹೋಂಸ್ಟೇಯಲ್ಲಿ ಕಡುಬು ತಿನ್ನುತ್ತಾ ಕೂತಿದ್ದೆ. ಸಂಜೆ ಊರಿಂದ ಅಮ್ಮ ಫೋನ್ ಮಾಡಿದರು. ಮಂಡಿನೋವು, ಆದರೂ ಎರಡು ಗಂಟೆ ಸಾಲಲ್ಲಿ ನಿಂತು ಹಾಕಿ ಬಂದಿದ್ದರು. "ನೀನು ಹಾಕಿದ್ಯೇನೋ?" ಅಂದರು. "ಹ್ಞೂಂ" ಅಂದುಬಿಟ್ಟೆ. ಸುಳ್ಳು. ಮುಂದಿನ ವಾರ ಊರಿಗೆ ಹೋದಾಗ ಅವರ ಉಗುರಿನ ಬುಡದಲ್ಲಿ ಕಪ್ಪು ಗೆರೆ ಇನ್ನೂ ಇತ್ತು. ನನ್ನ ಕೈ ನೋಡಿದರು, ಏನೂ ಹೇಳಲಿಲ್ಲ, ಸುಮ್ನೆ ತಟ್ಟೆಗೆ ಅನ್ನ ಬಡಿಸಿದರು.

ಆ ಶಾಯಿ ತಯಾರಾಗುವುದು ನಮ್ಮ ಮೈಸೂರಲ್ಲೇ ಅಲ್ವಾ. 1962ರಿಂದ ಇಡೀ ದೇಶದ ಬೆರಳಿಗೆ ಅಲ್ಲಿಂದಲೇ ಹೋಗುತ್ತದೆ. ಸಂವಿಧಾನದ 51ಎ ವಿಧಿಯಲ್ಲಿ 11 ಕರ್ತವ್ಯಗಳಿವೆ, ಬಾವುಟಕ್ಕೆ ಗೌರವ ಕೊಡುವುದೂ ಅದರಲ್ಲಿದೆ. ತಮಾಷೆ ಅಂದರೆ ಮತದಾನ ಅದರಲ್ಲಿ ಇಲ್ಲ. ಹಾಕದಿದ್ದರೆ ದಂಡ ಇಲ್ಲ, ಯಾರೂ ಕೇಳುವುದಿಲ್ಲ. ಅಮ್ಮ ಬಿಟ್ಟು.